ಬಳ್ಳಾರಿ ಜಾಲಿ, ಹತ್ತಿ ಕಟ್ಟಿಗೆ ಇದ್ದಿಲಿನಿಂದ ಕಬ್ಬಿಣ ತೆಗೆಯಬಹುದೇ? ಭದ್ರಾವತಿಯ ನೆನಪಿನಿಂದ ಒಂದು ಪ್ರಶ್ನೆ

ಭದ್ರೆಯ ಮೊಮ್ಮಗಳು · ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಈಗ ಇರುವುದು ಸಂಡೂರಿನ ಹತ್ತಿರ. ಹುಟ್ಟೂರು ಭದ್ರಾವತಿ. ನಮ್ಮಜ್ಜ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಮರ ಬಟ್ಟಿ ಇಳಿಸುವ ವಿಭಾಗದಲ್ಲಿ ಕೆಲಸಕ್ಕಿದ್ದವರು. ಅವರ ಖಾಕಿ ಕೋಟು ನಾನು ಕಾಲೇಜಿಗೆ ಹೋಗುವವರೆಗೂ ಅಟ್ಟದ ಟ್ರಂಕಿನಲ್ಲಿತ್ತು. ಮುಚ್ಚಳ ತೆಗೆದ ಕೂಡಲೇ ಟಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಜ್ಜಿ ಎಷ್ಟು ಸಲ ಸೀಗೆಪುಡಿ ಹಾಕಿ ನೆನೆಸಿದರೂ ಅದು ಹೋಗಲಿಲ್ಲ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಕಾರ್ಖಾನೆ 1918ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಮರ ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಅದಿರು ಕೆಮ್ಮಣ್ಣುಗುಂಡಿಯಲ್ಲೇ ಇತ್ತು, ಆದರೆ ಕೋಕ್ (ಗಾಳಿಯಾಡದ ಹಾಗೆ ಬೇಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು) ಮಾಡಲು ಬೇಕಾದ ಕಲ್ಲಿದ್ದಲು ಇದ್ದದ್ದು ದೂರದ ಝರಿಯಾದಲ್ಲಿ. ಹಾಗಾಗಿ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ತೆಗೆಯುವುದೆಂದು ತೀರ್ಮಾನವಾಯಿತು. 1923ರಲ್ಲಿ ಫರ್ನೇಸ್ ಹೊತ್ತಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೆ ಬಂದು ಚೇರ್ಮನ್ ಆಗಿ ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದ್ದು ಆಮೇಲಿನ ಕಥೆ. ಮರವನ್ನು ಗಾಳಿಯಾಡದ ಹಾಗೆ ಮುಚ್ಚಿ ಬೇಯಿಸುತ್ತಿದ್ದರು. ಒಳಗೆ ಇದ್ದಿಲು ಉಳಿಯುತ್ತಿತ್ತು. ಎದ್ದ ಹೊಗೆಯನ್ನು ತಣ್ಣಗಾಗಿಸಿ ಅದರಿಂದ ಮೆಥನಾಲ್, ಅಸಿಟೇಟ್, ಟಾರ್ ತೆಗೆದು ಮಾರುತ್ತಿದ್ದರು. "ಸುಟ್ಟರೆ ಬೂದಿ, ಬೇಯಿಸಿದರೆ ಇದ್ದಿಲು" ಎಂದು ಅಜ್ಜ ಹೇಳುತ್ತಿದ್ದದ್ದನ್ನೇ ನಾನು ಇವತ್ತಿಗೂ ಮಕ್ಕಳಿಗೆ ಹೇಳುತ್ತೇನೆ.

ಈ ವರ್ಷ ಲೋಹಗಳ ಪಾಠದಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದುನಿಂತು ಕೇಳಿದಳು: "ಮಿಸ್, ನಮ್ಮ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ತುಂಬಿದೆ. ಅದರ ಇದ್ದಿಲನ್ನು ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿಗೆ ಹಾಕಿದರೆ ಕಲ್ಲಿದ್ದಲು ತರೋದು ತಪ್ಪಲ್ವಾ?" ಮರ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡ ಇಂಗಾಲವೇ ಸುಟ್ಟಾಗ ವಾಪಸ್ ಹೋಗುತ್ತದೆ, ಮತ್ತೆ ಬೆಳೆಸಿದರೆ ಮತ್ತೆ ಎಳೆದುಕೊಳ್ಳುತ್ತದೆ, ಕಲ್ಲಿದ್ದಲು ಹಾಗಲ್ಲ ಎಂಬಷ್ಟನ್ನು ಹೇಳಿದೆ. ಪೂರ್ತಿ ಉತ್ತರ ನನಗೂ ಗೊತ್ತಿರಲಿಲ್ಲ. ಫರ್ನೇಸಿನಲ್ಲಿ ಕೆಲಸ ಮಾಡಿದವರು, ರೈತರು, ಕಾಡಿನ ಹತ್ತಿರದವರು ಯಾರಾದರೂ ತಿಳಿಸುತ್ತೀರಾ? ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕು.

ಟುಯರ್ ಪಕ್ಕದವನು · ಭಾನುವಾರ ರಾತ್ರಿ

ಮೇಡಂ, 31 ವರ್ಷ ಬ್ಲಾಸ್ಟ್ ಫರ್ನೇಸ್ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಹೌದು, ಇಲ್ಲ ಎರಡೂ ಉತ್ತರ. ಎಲ್ಲಿ ಹೌದು, ಎಲ್ಲಿ ಇಲ್ಲ ಅನ್ನುವುದು ಮುಖ್ಯ, ಸ್ವಲ್ಪ ಉದ್ದವಾದರೂ ಓದಿ.

ಕೋಕ್ ಮಾಡುವ ಕೆಲಸ ಮೂರು. ಉರಿದು ಶಾಖ ಕೊಡುತ್ತದೆ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅದಿರಿನಲ್ಲಿರುವ ಆಕ್ಸಿಜನ್ ಕಿತ್ತು ಕಬ್ಬಿಣ ಬಿಡಿಸುತ್ತದೆ. ಈ ಎರಡನ್ನೂ ಇದ್ದಿಲು ಚೆನ್ನಾಗಿಯೇ ಮಾಡುತ್ತದೆ, ಕೋಕ್‌ಗಿಂತ ಚೆನ್ನಾಗಿ ಅಂದರೂ ತಪ್ಪಿಲ್ಲ. ಒಳ್ಳೆಯ ಕಟ್ಟಿಗೆಯ ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಬೂದಿಯೂ ಕಡಿಮೆ. ಭದ್ರಾವತಿಯ ಹಳೆಯ ಬೀಡು ಕಬ್ಬಿಣಕ್ಕೆ ಒಳ್ಳೆಯ ಹೆಸರಿದ್ದದ್ದು ಅದಕ್ಕೇ.

ಮೂರನೆಯದು ಹೊರುವ ಕೆಲಸ. ದೊಡ್ಡ ಫರ್ನೇಸ್ ಒಳಗೆ ಅದಿರು, ಅದಿರಿನ ಪುಡಿಯಿಂದ ಮಾಡಿದ ಸಿಂಟರ್, ಪೆಲೆಟ್ ಎಲ್ಲ ಸೇರಿ ಸಾವಿರಾರು ಟನ್ ಭಾರ ಕೂತಿರುತ್ತದೆ. ಕೆಳಗೆ ಹೋದ ಹಾಗೆ ಅದಿರು ಮೆತ್ತಗಾಗಿ ಕರಗುತ್ತದೆ. ಆ ಜಾಗದಲ್ಲಿ ಗಟ್ಟಿಯಾಗಿ ನಿಂತಿರುವುದು ಕೋಕ್ ಒಂದೇ. ಅದರ ಸಂದಿಯಲ್ಲೇ ಬಿಸಿಗಾಳಿ ಮೇಲೆ ಹೋಗಬೇಕು, ಕರಗಿದ ಕಬ್ಬಿಣ ಕೆಳಗೆ ಇಳಿಯಬೇಕು. ಇದ್ದಿಲು ಅಷ್ಟು ಭಾರ ಹೊರಲಾರದೆ ಪುಡಿಯಾಗುತ್ತದೆ. ಪುಡಿಯಾದರೆ ಫರ್ನೇಸ್ ಉಸಿರು ಕಟ್ಟುತ್ತದೆ. ಇದ್ದಿಲಿನ ಫರ್ನೇಸ್‌ಗಳು ಲೋಕದಲ್ಲೆಲ್ಲ ಚಿಕ್ಕವಾಗಿಯೇ ಉಳಿದದ್ದು ಇದರಿಂದ. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ 1709ರಲ್ಲಿ ಕೋಕ್ ಹಾಕಿ ಕಬ್ಬಿಣ ತೆಗೆದ ಮೇಲೆಯೇ ಫರ್ನೇಸ್‌ಗಳು ಎತ್ತರವಾಗುತ್ತ ಹೋದವು.

ಹೌದು ಅನ್ನುವ ಜಾಗ ಟುಯರ್. ಫರ್ನೇಸಿನ ಕೆಳಭಾಗದ ಸುತ್ತ ಬಿಸಿಗಾಳಿ ಊದುವ ಮೂತಿಗಳು. ಅಲ್ಲಿಂದಲೇ ಕಲ್ಲಿದ್ದಲನ್ನು ಗೋಧಿಹಿಟ್ಟಿನಷ್ಟು ನುಣ್ಣಗೆ ಬೀಸಿ ಗಾಳಿಯ ಜೊತೆ ಒಳಗೆ ಹೊಡೆಯುತ್ತೇವೆ. ಒಂದು ಟನ್ ಕರಗಿದ ಕಬ್ಬಿಣಕ್ಕೆ, ನಮ್ಮ ಭಾಷೆಯಲ್ಲಿ ಹಾಟ್ ಮೆಟಲ್‌ಗೆ 150ರಿಂದ 200 ಕೆ.ಜಿ. ಈ ಪುಡಿ ಏನನ್ನೂ ಹೊರಬೇಕಿಲ್ಲ, ಉರಿದರೆ ಸಾಕು. ಇದ್ದಿಲು ಪುಡಿಯಾಗುವುದು ಫರ್ನೇಸಿನ ಮೇಲಿಂದ ಹಾಕಿದರೆ ದೋಷ, ಇಲ್ಲಿ ಗುಣ. ಬೀಸುವುದು ಹಗುರ, ಉರಿಯುವುದು ಚುರುಕು. ಬೆಲ್ಜಿಯಂನ ಘೆಂಟ್‌ನಲ್ಲಿ ಆರ್ಸೆಲರ್ ಮಿತ್ತಲ್‌ನವರು ಹಳೆಯ ಮರದ ತ್ಯಾಜ್ಯವನ್ನು ಕಾಫಿ ಬೀಜದ ಹಾಗೆ ಹುರಿದು ಫರ್ನೇಸಿಗೆ ಕೊಡುವ ಘಟಕ ಕಟ್ಟಿದ್ದಾರೆ. ಗಾಳಿ ಕಡಿಮೆ ಮಾಡಿ 250–300 ಡಿಗ್ರಿಯಲ್ಲಿ ಹುರಿದರೆ ಮರ ನೀರು ಬಿಟ್ಟು ಗರಿಗರಿಯಾಗುತ್ತದೆ, ಬೀಸಲು ಬರುತ್ತದೆ.

ಈಗ ಲೆಕ್ಕ. ಟನ್ನಿಗೆ 20 ಕೆ.ಜಿ. ಕಲ್ಲಿದ್ದಲು ಪುಡಿ ತೆಗೆದು ಇದ್ದಿಲು ಪುಡಿ ಹಾಕಿದರೆ 50–60 ಕೆ.ಜಿ. ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ನಮ್ಮ ದೇಶದ ಉಕ್ಕು ಟನ್ನಿಗೆ ಸುಮಾರು 2.5 ಟನ್ ಬಿಡುತ್ತದೆ, ಅಂದರೆ ಉಳಿತಾಯ ಶೇ 2 ಚಿಲ್ಲರೆ. ಪುಡಿಯನ್ನೆಲ್ಲ ಬದಲಿಸಿದರೆ 400 ಕೆ.ಜಿ. ಆಸುಪಾಸು, ಅದು ದೊಡ್ಡ ಬಾಬತ್ತು. ಆದರೆ ವರ್ಷಕ್ಕೆ ಒಂದು ಕೋಟಿ ಟನ್ ತೆಗೆಯುವ ಕಾರ್ಖಾನೆಗೆ ಟನ್ನಿಗೆ 150 ಕೆ.ಜಿ. ಎಂದರೆ 15 ಲಕ್ಷ ಟನ್ ಇದ್ದಿಲು. ಒಣ ಕಟ್ಟಿಗೆಯ ತೂಕದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಇದ್ದಿಲಾಗುತ್ತದೆ. 50–60 ಲಕ್ಷ ಟನ್ ಒಣ ಕಟ್ಟಿಗೆ ಬೇಕು. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಬೆಳೆಯಿತು ಅಂತಲೇ ಇಟ್ಟುಕೊಳ್ಳಿ, 5–6 ಲಕ್ಷ ಹೆಕ್ಟೇರ್ ನೆಡುತೋಪು! ಒಂದೇ ಒಂದು ಕಾರ್ಖಾನೆಗೆ. ಆದ್ದರಿಂದ ಇದನ್ನು ಹಿಡಿತದಲ್ಲಿ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಕಾಡಂಚು · ಸೋಮವಾರ ಬೆಳಿಗ್ಗೆ

ಸರ್ ಕೊನೆಗೆ ಹೇಳಿದ ಲೆಕ್ಕ ಓದಿ ಎದೆ ಝಲ್ಲೆಂದಿತು. ನಾನು ಹಾನಗಲ್ ತಾಲ್ಲೂಕಿನವನು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹಕ್ಕೆ ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು. ದನ ಮೇಯಿಸುತ್ತಿದ್ದ ಊರ ಸಾಮಾನ್ಯ ಜಮೀನನ್ನು ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಿತ್ತು, ನಾರು ಮಾಡುವ ಹರಿಹರದ ಪಾಲಿಫೈಬರ್ಸ್‌ಗೆ ನೀಲಗಿರಿ ಬೆಳೆಯಲಿಕ್ಕೆ. ಜನ ನೂರು ನೀಲಗಿರಿ ಸಸಿ ಕಿತ್ತು ಆ ಗುಂಡಿಯಲ್ಲೇ ಹಣ್ಣಿನ, ಮೇವಿನ ಸಸಿ ನೆಟ್ಟರು. ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೂ ಹೋದರು. ಕೊನೆಗೆ ಆ ಕಂಪನಿ ಮುಚ್ಚಿತು.

ಆಗ ನಾರು, ಈಗ ಇದ್ದಿಲು. ಹೆಸರು ಬೇರೆ ಅಷ್ಟೆ. ಕಾಗದದ ಮೇಲೆ "ಬಂಜರು" ಎಂದು ಬರೆದಿರುವ ಜಾಗದಲ್ಲಿ ನಮ್ಮ ಕುರಿಗಾರರು ವರ್ಷದಲ್ಲಿ ಎಂಟು ತಿಂಗಳು ಇರುತ್ತಾರೆ. ನೀಲಗಿರಿ ನೀರು ಹೀರುವುದನ್ನು ಕೋಲಾರದವರು ಅನುಭವಿಸಿ ಹೇಳುತ್ತಾರೆ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಹಾಕುವುದನ್ನು ನಿಷೇಧಿಸಿತು. ಹಸಿರು ಉಕ್ಕು ಎಂಬ ಮಾತು ಕೇಳಲಿಕ್ಕೆ ಚೆಂದ, ಆದರೆ ಆ ಹಸಿರು ಯಾರ ಗೋಮಾಳದ್ದು ಎಂದು ಮೊದಲೇ ಕೇಳಿಬಿಡಬೇಕು.

ಭದ್ರೆಯ ಮೊಮ್ಮಗಳು · ಸೋಮವಾರ ಬೆಳಿಗ್ಗೆ

ನಿಮ್ಮ ಮಾತು ನನ್ನನ್ನೂ ಚುಚ್ಚಿತು ಅಣ್ಣ. ಭದ್ರಾವತಿಯ ಫರ್ನೇಸಿಗೆ ಮರ ಹೋದದ್ದು ತೋಪಿನಿಂದಲ್ಲ, ಕಾಡಿನಿಂದ. ಮರ ಸಾಗಿಸಲೆಂದೇ ಕಾಡಿನೊಳಗೆ ಟ್ರಾಂ ಹಳಿ ಹಾಕಿದ್ದರು ಎಂದು ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ನನಗೂ ಅದು ಹೆಮ್ಮೆಯ ಕಥೆಯೇ. ಈಗ ಆ ಹಳಿ ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೆ ಮರ ಉರುಳಿತ್ತು ಎಂಬುದೂ ನೆನಪಾಗುತ್ತದೆ. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ಬೀಡು ತೆಗೆಯುವ ಎಲೆಕ್ಟ್ರಿಕ್ ಫರ್ನೇಸ್ ಬಂದ ಮೇಲೆ ಕಾಡಿನ ಮೇಲಿನ ಭಾರ ಸ್ವಲ್ಪ ಇಳಿಯಿತು. ಹಾಗಾಗಿ ನನ್ನ ಪ್ರಶ್ನೆಯನ್ನು ತಿದ್ದುತ್ತೇನೆ: ಹೊಸದಾಗಿ ಏನನ್ನೂ ನೆಡದೆ, ಈಗಾಗಲೇ ಇರುವ ಜಾಲಿ ಮತ್ತು ಹೊಲದಲ್ಲಿ ಸುಟ್ಟುಹೋಗುವ ಕಟ್ಟಿಗೆಯಿಂದ ಎಷ್ಟು ಸಾಧ್ಯ?

ಹತ್ತಿ ಹೊಲ · ಸೋಮವಾರ ಮಧ್ಯಾಹ್ನ

ಅಕ್ಕಾರ, ನಾ ರಾಯಚೂರ ಕಡಿಯವ. ಹನ್ನೆರಡು ಎಕರೆ ಹತ್ತಿ ಅದರಿ ನಮ್ದು. ಬಿಡಿಸೋದು ಮುಗದ ಮ್ಯಾಲೆ ಕಟಗಿ ಹಂಗೇ ನಿಂತಿರ್ತದ. ಗುಲಾಬಿ ಕಾಯಿಕೊರಕ ಅದರಾಗ ಉಳೀತದ, ಲಗೂನ ಕಿತ್ತು ನಾಶ ಮಾಡ್ರಿ ಅಂತ ಕೃಷಿ ಇಲಾಖೆಯವ್ರು ಪ್ರತಿ ವರ್ಷ ಹೇಳ್ತಾರ. ನಾಶ ಮಾಡೋದು ಅಂದ್ರ ಏನ್ರಿ, ಬೆಂಕಿ ಹಚ್ಚೋದು. ಒಲಿಗೆ ಒಂದಿಷ್ಟು ಮನಿಗೆ ತರ್ತೀವಿ, ಉಳಿದದ್ದು ಹೊಲದಾಗ ಉರೀತದ. ಎಕರೆಗೆ ಒಂದು ಟನ್ನಂತೂ ಬೀಳ್ತದ.

ಯಾರರೆ ತಗೊಂಡು ಹೋಗ್ತೀವಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಖರೇ ತ್ರಾಸು ಎಲ್ಲಿ ಐತಿ ಅಂದ್ರ ಕೀಳೋದ್ರಾಗ. ಆಳು ಸಿಗಂಗಿಲ್ಲ, ಸಿಕ್ರೂ ಕಟಗಿ ಮಾರಿದ ರೊಕ್ಕಕ್ಕಿಂತ ಕೂಲಿ ಜಾಸ್ತಿ ಆಗ್ತದ. ಟ್ರ್ಯಾಕ್ಟರಿ ತುಂಬಿದ್ರ ಬೆಟ್ಟದಂಗ ಕಾಣ್ತದ, ಕಾಟಾ ಮ್ಯಾಲೆ ನಿಲ್ಲಿಸಿದ್ರ ಏನೂ ಇಲ್ಲ. ಹಗುರ ಮಾಲು. ಹೋದ ವರ್ಷ ಒಬ್ಬ ಏಜೆಂಟ ಬಂದು ಕಟಗಿ ಪುಡಿ ಒತ್ತಿ ಪೆಲೆಟ್ ಮಾಡ್ತೀವಿ, ಕರೆಂಟ್ ಫ್ಯಾಕ್ಟರಿಗೆ ಕೊಡ್ತೀವಿ ಅಂತ ಹೇಳಿ ನಮ್ಮ ಊರಾಗ ಏಳು ಮಂದಿ ಹೊಲದಾಗಿನ ಕಟಗಿ ಕಿತ್ತಿಸಿ ಗುಡ್ಡಿ ಹಾಕಿಸಿದ. ಲಾರಿ ಬರಲೇ ಇಲ್ಲ. ಮಳಿಗಾಲ ಬಂತು, ಗುಡ್ಡಿ ಹಂಗೇ ಕೊಳೀತು. ಕಿತ್ತ ಕೂಲಿ ನಮ್ಮ ತಲಿ ಮ್ಯಾಲೆ. ಅದಕ್ಕ ಹೇಳ್ತೀನಿ, ಇದ್ಲಿ ಮಾಡೋದು ಹೊಲದ ಹತ್ರಾನ ಆಗ್ಬೇಕು, ರೊಕ್ಕ ಅಲ್ಲೇ ಎಣಸ್ಬೇಕು.

ಮಿನಾಸ್‌ನಿಂದ · ಸೋಮವಾರ ರಾತ್ರಿ

ದಾವಣಗೆರೆಯವನು, ಕೆಲಸದ ಮೇಲೆ ನಾಲ್ಕು ವರ್ಷದಿಂದ ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದಲ್ಲಿದ್ದೇನೆ. ಇದ್ದಿಲಿನಿಂದ ಕಬ್ಬಿಣ ತೆಗೆಯುವುದನ್ನು ಇವತ್ತಿಗೂ ದೊಡ್ಡ ಮಟ್ಟದಲ್ಲಿ ಮಾಡುವ ದೇಶ ಇದೇ. ಸೆಟಿ ಲಗೋವಾಸ್ ಎಂಬ ಊರಿನ ಸುತ್ತ ಚಿಕ್ಕ ಚಿಕ್ಕ ಫರ್ನೇಸ್‌ಗಳು. ನೀಲಗಿರಿಯನ್ನು ಸುಮಾರು ಏಳು ವರ್ಷಕ್ಕೆ ಕಡಿಯುತ್ತಾರೆ, ಬುಡದಿಂದ ಮತ್ತೆ ಚಿಗುರುತ್ತದೆ. ಟಿಮೊಟೆಯೊ ಊರಿನಲ್ಲಿ ಅಪೆರಾಂ ಕಂಪನಿಯವರು 2011ರಲ್ಲಿ ಕೋಕ್ ಪೂರ್ತಿ ಬಿಟ್ಟು ತಮ್ಮದೇ ತೋಪಿನ ಇದ್ದಿಲಿಗೆ ಬಂದರು. ಮಾಡಲು ಆಗುವುದೇ ಇಲ್ಲ ಅನ್ನುವವರು ಇದನ್ನು ನೋಡಬೇಕು.

ಇನ್ನೊಂದು ಮುಖವೂ ಇದೆ. ಕಾಡಂಚು ಅವರು ಹೇಳಿದ ಕುಸನೂರಿನ ಕಥೆ ಇಲ್ಲಿಯೂ ನಡೆದಿದೆ. ಜೆಕಿಚಿನ್ಯೋನ್ಯ ಕಣಿವೆಯ ಎತ್ತರದ ಬಯಲುಗಳನ್ನು ಇಲ್ಲಿಯ ಜನ ಚಪಾಡ ಅನ್ನುತ್ತಾರೆ. ನಮ್ಮ ಗೋಮಾಳದ ಹಾಗೆಯೇ ಊರಿನವರೆಲ್ಲ ದನ ಬಿಡುತ್ತಿದ್ದ, ಕಾಡಹಣ್ಣು ಆರಿಸುತ್ತಿದ್ದ ಜಾಗ. 1970ರ ದಶಕದಿಂದ ಅಲ್ಲೆಲ್ಲ ನೀಲಗಿರಿ ಬಂತು. ಕೆಳಗಿನ ಒರತೆ ಬತ್ತಿದವು ಎಂದು ಆ ಕಣಿವೆಯ ರೈತರು ಇವತ್ತಿಗೂ ಹೇಳುತ್ತಾರೆ. ಉತ್ತರದ ಕರಜಾಸ್ ಕಡೆ ಇನ್ನೂ ಕೆಟ್ಟದ್ದು. ಅಲ್ಲಿ ಬಹಳ ವರ್ಷ ಅಮೆಜಾನಿನ ಕಾಡೇ ಇದ್ದಿಲಾಯಿತು. ಇದ್ದಿಲು ಗೂಡುಗಳಲ್ಲಿ ಜೀತದಾಳುಗಳ ಹಾಗೆ ದುಡಿಸಿಕೊಂಡವರನ್ನು ಸರ್ಕಾರದ ತಪಾಸಣಾ ತಂಡಗಳು ಬಿಡಿಸಿ ತಂದದ್ದೂ ಉಂಟು.

ನಾನು ಒಂದು ಇದ್ದಿಲು ಗೂಡಿನ ಸಾಲು ನೋಡಿದ್ದೆ. ಇಟ್ಟಿಗೆಯ ಗುಮ್ಮಟಗಳು, ಮೈತುಂಬ ತೂತು. ಕೆಲಸದವನು ತೂತಿನಿಂದ ಬರುವ ಹೊಗೆಯ ಬಣ್ಣ ನೋಡುತ್ತ ಕೂತಿದ್ದ. ಬೆಳ್ಳಗಿದ್ದರೆ ಇನ್ನೂ ನೀರು ಹೋಗುತ್ತಿದೆ. ನೀಲಿಯಾಗಿ ತೆಳುವಾದ ಕೂಡಲೇ ಎದ್ದು ಹಸಿಮಣ್ಣು ಮೆತ್ತಿ ಒಂದೊಂದೇ ತೂತು ಮುಚ್ಚಿದ. ಅವನ ಕಣ್ಣು ಕೆಂಡದ ಹಾಗೆ ಕೆಂಪಗಿತ್ತು.

ಜಾಲಿ ಭಟ್ಟಿ · ಸೋಮವಾರ ರಾತ್ರಿ

ನಮ್ದೂ ಅದೇ ಕೆಲ್ಸ ಸಾರ್. ಸಿರುಗುಪ್ಪದ ಕಡೆ ಜಾಲಿ ಕಡಿದು ಇದ್ದಿಲು ಸುಡ್ತೀವಿ. ಮಣ್ಣಿನ ಭಟ್ಟಿ. ಮೂರು ದಿನ ಹಗಲು ರಾತ್ರಿ ಕಾಯ್ಬೇಕು, ಒಂದು ಕಡೆ ಕುಸಿದ್ರೆ ಗಾಳಿ ಹೊಕ್ಕು ಎಲ್ಲಾ ಬೂದಿ. ನಮ್ಮೆಂಗಸ್ರಿಗೆ ಕೆಮ್ಮು ಬಿಟ್ಟಿಲ್ಲ. ಮಾಲು ಹೋಟ್ಲಿಗೆ, ಇಸ್ತ್ರಿ ಅಂಗ್ಡಿಗೆ ಹೋಗುತ್ತೆ. ಪುಡಿ ಯಾರೂ ತಗೊಳಲ್ಲ. ಮೂಟೆ ಹೊಡೆದ ಮೇಲೆ ಉಳಿಯೋ ಪುಡಿ ಗುಡ್ಡೆ ಗುಡ್ಡೆ ಬಿದ್ದದೆ. ಫ್ಯಾಕ್ಟ್ರಿಗೆ ಪುಡೀನೇ ಬೇಕು ಅಂತ ಇಲ್ಲಿ ಓದಿ ಆಶ್ಚರ್ಯ ಆಯ್ತು. ನಿಜಾನಾ ಸಾರ್?

ಟುಯರ್ ಪಕ್ಕದವನು · ಮಂಗಳವಾರ ಬೆಳಿಗ್ಗೆ

ನಿಜ ತಮ್ಮಾ. ಮಣ್ಣು ಬೆರೆಯದ ಪುಡಿಯಾಗಿರಬೇಕು, ಅಷ್ಟೇ ಶರತ್ತು. ನೆಲದಿಂದ ಗೋರಿದರೆ ಮರಳು ಸೇರಿ ಬೂದಿ ಏರುತ್ತದೆ, ಬೀಸುವ ಗಿರಣಿಯೂ ಸವೆಯುತ್ತದೆ. ತಾಡಪತ್ರಿ ಹಾಸಿ ಅದರ ಮೇಲೆ ಮೂಟೆ ಹೊಡೆದರೆ ಪುಡಿ ಚೊಕ್ಕವಾಗಿ ಸಿಗುತ್ತದೆ.

ಭದ್ರಾವತಿಯವರಿಂದ ಕಲಿಯಬೇಕಾದ್ದು ನನಗೆ ಇಲ್ಲಿ ಕಾಣುತ್ತದೆ. ನೂರು ವರ್ಷದ ಹಿಂದೆ ಅವರು ಹೊಗೆಯನ್ನು ಹಿಡಿದು ಮಾರಿದರು. ಮಣ್ಣಿನ ಭಟ್ಟಿಯಲ್ಲಿ ಆ ಹೊಗೆ ನಿಮ್ಮ ಮನೆಯವರ ಶ್ವಾಸಕೋಶಕ್ಕೆ ಹೋಗುತ್ತಿದೆ. ಅದರಲ್ಲಿ ಮೀಥೇನ್ ಕೂಡ ಇರುತ್ತದೆ, ಅದು ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಯಿಸುತ್ತದೆ. ಹೊಗೆ ಹೊರಗೆ ಬಿಟ್ಟು ಮಾಡಿದ ಇದ್ದಿಲನ್ನು ಹಸಿರು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹೊಗೆಯನ್ನು ಪೈಪಿನಲ್ಲಿ ತಿರುಗಿಸಿ ಅದೇ ಒಲೆಗೆ ಉರುವಲಾಗಿ ಕೊಡುವ ರಿಟಾರ್ಟ್ ಭಟ್ಟಿಗಳಿವೆ. ಕಟ್ಟಿಗೆಯೂ ಉಳಿಯುತ್ತದೆ, ಇದ್ದಿಲೂ ಹೆಚ್ಚು ಬರುತ್ತದೆ. ನಾಲ್ಕೈದು ಹಳ್ಳಿಗೆ ಒಂದರ ಹಾಗೆ ಇಟ್ಟರೆ ರಾಯಚೂರಿನವರು ಹೇಳಿದ ಸಾಗಣೆಯ ಸಮಸ್ಯೆಯೂ ನೀಗುತ್ತದೆ. ಮೂರು ನಾಲ್ಕು ಟ್ರ್ಯಾಕ್ಟರ್ ಕಟ್ಟಿಗೆಯ ಬದಲು ಒಂದು ಟ್ರ್ಯಾಕ್ಟರ್‌ಗೂ ಕಡಿಮೆ ಇದ್ದಿಲು ಸಾಗಿಸಿದರೆ ಸಾಕು.

ಕಿಲ್ನ್ ಕಾಯುವವನು · ಮಂಗಳವಾರ, ರಾತ್ರಿ ಪಾಳಿ

ದೊಡ್ಡ ಫರ್ನೇಸ್ ಮಾತೇ ಆಯ್ತು, ನಮ್ಮ ಸ್ಪಾಂಜ್ ಐರನ್ (ಅದಿರು ಕರಗಿಸದೆಯೇ ಆಕ್ಸಿಜನ್ ತೆಗೆದ ಕಬ್ಬಿಣ) ಬಗ್ಗೆ ಯಾರೂ ಹೇಳಲಿಲ್ಲ. ಕೊಪ್ಪಳ, ಬಳ್ಳಾರಿ ಸುತ್ತ ನಮ್ಮಂಥ ಕಿಲ್ನ್ ಎಷ್ಟೊಂದಿವೆ. ಕೋಕ್ ಬೇಡವೇ ಬೇಡ. ಉದ್ದನೆಯ ಉಕ್ಕಿನ ಕೊಳವೆ, ಒಳಗೆ ಇಟ್ಟಿಗೆ, ಸ್ವಲ್ಪ ಓರೆಯಾಗಿ ಮಲಗಿ ನಿಧಾನಕ್ಕೆ ತಿರುಗುತ್ತೆ. ಒಂದು ತುದಿಯಿಂದ ಅದಿರು, ಕಲ್ಲಿದ್ದಲು ಹಾಕ್ತೀವಿ, ಸಾವಿರ ಡಿಗ್ರಿ ಆಸುಪಾಸು ಇಡ್ತೀವಿ, ಇನ್ನೊಂದು ತುದಿಯಲ್ಲಿ ಸ್ಪಾಂಜ್ ಬರುತ್ತೆ. ಇಲ್ಲಿ ಭಾರ ಹೊರುವ ಮಾತೇ ಇಲ್ಲ. ಹಾಗಾಗಿ ಇದ್ದಿಲಿಗೆ ಇದು ಇನ್ನೂ ಹತ್ತಿರದ ದಾರಿ ಅಂತ ನನ್ನ ಲೆಕ್ಕ.

ನಾವು ಒಂದು ಸಲ ನಾಲ್ಕು ದಿನ ಇದ್ದಿಲು ಬೆರೆಸಿ ನೋಡಿದ್ವಿ. ಮೊದಲೆರಡು ದಿನ ಚೆನ್ನಾಗಿತ್ತು. ಅದಿರಿಗಿಂತ ಇದ್ದಿಲು ತುಂಬ ಹಗುರ, ಮೇಲೆ ತೇಲುತ್ತೆ, ಸಣ್ಣ ಚೂರು ಗಾಳಿಗೆ ಹಾರಿ ಹಿಂದಿನ ಚೇಂಬರಿಗೆ ಹೋಗಿ ಅಲ್ಲಿ ಉರೀತು. ಮೂರನೇ ದಿನ ಸಪ್ಲೈಯರ್ ಕಳಿಸಿದ ಮಾಲಿನಲ್ಲಿ ಭತ್ತದ ಹೊಟ್ಟಿನ ಬ್ರಿಕೆಟ್ಟೂ ಸೇರಿತ್ತು. ಅದರ ಬೂದಿ ಜಾಸ್ತಿ, ಒಳಗೆ ಗೋಡೆಗೆ ಅಂಟಿ ಉಂಗುರ ಕಟ್ಟಿಕೊಳ್ತು. ನಾವು ರಿಂಗ್ ಅಂತೀವಿ. ರಿಂಗ್ ಬಂದರೆ ಕಿಲ್ನ್ ನಿಲ್ಲಿಸಿ, ತಣ್ಣಗಾದ ಮೇಲೆ ಒಳಗೆ ಇಳಿದು ಸುತ್ತಿಗೆಯಲ್ಲಿ ಒಡೀಬೇಕು. ನಾನೂ ಇಳಿದಿದ್ದೆ. ಬೂಟಿನ ಅಡಿ ಮೆತ್ತಗಾಗೋ ಅಷ್ಟು ಶಾಖ ಇರುತ್ತೆ ಆಗಲೂ. ಅದಕ್ಕೆ ಹೇಳ್ತೀನಿ, ಎಲ್ಲ ಕಟ್ಟಿಗೆಯೂ ಒಂದೇ ಅಲ್ಲ. ಜಾಲಿ ಬೇರೆ, ಹೊಟ್ಟು ಬೇರೆ. ಬೆರೆಸಿದವನಿಗೆ ಲಾಭ, ಸುತ್ತಿಗೆ ಹಿಡಿದವನಿಗೆ ಸಂಕಟ.

ಟುಯರ್ ಪಕ್ಕದವನು · ಬುಧವಾರ ಬೆಳಿಗ್ಗೆ

ಕಿಲ್ನ್ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಭತ್ತದ ಹೊಟ್ಟಿನಲ್ಲಿ ಕಾಟ ಕೊಡುವುದು ಹೆಚ್ಚಾಗಿ ಸಿಲಿಕಾ. ಹುಲ್ಲು, ರವದಿ, ಎಲೆ ಇವುಗಳಲ್ಲಿ ಪೊಟ್ಯಾಶ್. ಬ್ಲಾಸ್ಟ್ ಫರ್ನೇಸ್‌ನವರಿಗೆ ಪೊಟ್ಯಾಶ್ ಅಂದರೆ ನಡುಕ. ಕೆಳಗಿನ ಶಾಖದಲ್ಲಿ ಆವಿಯಾಗಿ ಮೇಲೆ ಹೋಗುತ್ತದೆ, ಮೇಲೆ ತಂಪಿಗೆ ಗಟ್ಟಿಯಾಗಿ ಮತ್ತೆ ಕೆಳಗೆ ಬರುತ್ತದೆ, ಹೀಗೆ ಒಳಗೇ ಸುತ್ತುತ್ತ ಕೋಕನ್ನು ತಿನ್ನುತ್ತದೆ, ಗೋಡೆಗೆ ಗಂಟು ಕಟ್ಟುತ್ತದೆ. ಕಾಂಡದಲ್ಲಿ ಪೊಟ್ಯಾಶ್ ಕಡಿಮೆ, ತೊಗಟೆ ಎಲೆಗಳಲ್ಲಿ ಹೆಚ್ಚು. ಜಾಲಿ, ಹತ್ತಿ, ತೊಗರಿಯ ಗಟ್ಟಿ ಕಡ್ಡಿ ಪರವಾಗಿಲ್ಲ. ಭತ್ತದ ಹುಲ್ಲಿನ ತಂಟೆಗೆ ಹೋಗಬಾರದು, ಅದು ದನದ ಮೇವು ಬೇರೆ.

ಹತ್ತಿ ಹೊಲ · ಬುಧವಾರ ಮಧ್ಯಾಹ್ನ

ಸರ್, ಪೊಟ್ಯಾಶ್ ಅಂದ್ರಿ. ಅದನ್ನ ನಾವು ಚೀಲಕ್ಕ ರೊಕ್ಕ ಕೊಟ್ಟು ತಂದು ಹೊಲಕ್ಕ ಹಾಕ್ತೀವಿ. ಹೊರದೇಶದಿಂದ ಬರೋ ಮಾಲು ಅದು. ಕಟಗಿ ಸುಟ್ರ ಬೂದಿ ಆದ್ರೂ ಹೊಲದಾಗ ಉಳೀತಿತ್ತು. ನೀವು ಒಯ್ದ್ರ ಅದು ನಿಮ್ಮ ಫರ್ನೇಸಿಗೂ ಬ್ಯಾಡ, ನಮ್ಮ ಹೊಲಕ್ಕೂ ಇಲ್ಲ. ಇದಕ್ಕೇನ್ರಿ ದಾರಿ?

ಟುಯರ್ ಪಕ್ಕದವನು · ಬುಧವಾರ ಸಂಜೆ

ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ನನಗೆ ಯಾವ ಇಂಜಿನಿಯರೂ ಕೇಳಲಿಲ್ಲ ರೈತರೇ. ದಾರಿ ಇದೆ. ಪೊಟ್ಯಾಶ್ ನೀರಿಗೆ ಬಿಟ್ಟುಕೊಡುತ್ತದೆ. ಕಟ್ಟಿಗೆ ಕಿತ್ತ ಮೇಲೆ ಒಂದು ಅಡ್ಡಮಳೆ ಬೀಳುವವರೆಗೆ ಹೊಲದಲ್ಲೇ ಹರಡಿ ಬಿಟ್ಟರೆ ಒಂದು ಪಾಲು ಮಣ್ಣಿಗೇ ಇಳಿಯುತ್ತದೆ. ಎಲೆ, ಕಾಯಿಸಿಪ್ಪೆ ಉದುರಿಸಿ ಅಲ್ಲೇ ಬಿಡಬೇಕು, ಕಡ್ಡಿ ಮಾತ್ರ ಒಯ್ಯಬೇಕು. ಕಾಯಿಕೊರಕದ ಕಾರಣಕ್ಕೆ ಹೆಚ್ಚು ದಿನ ಬಿಡುವ ಹಾಗಿಲ್ಲ ಎಂಬುದು ನಿಮಗೇ ಗೊತ್ತು. ಉಳಿದದ್ದಕ್ಕೆ ಕಟ್ಟಿಗೆಯ ಬೆಲೆಯಲ್ಲೇ ಗೊಬ್ಬರದ ಬೆಲೆ ಸೇರಬೇಕು. ಅದನ್ನು ಸೇರಿಸದೆ ಯಾರಾದರೂ ದರ ಹೇಳಿದರೆ ಒಪ್ಪಬೇಡಿ.

ಹೊಸ ಮೆಟಲರ್ಜಿ · ಬುಧವಾರ ರಾತ್ರಿ

ಸುರತ್ಕಲ್‌ನಲ್ಲಿ ಮೂರನೇ ವರ್ಷದ ವಿದ್ಯಾರ್ಥಿ. ಎಲ್ಲ ಓದಿದೆ, ತರಗತಿಯಲ್ಲಿ ಸಿಗದ್ದು ಇಲ್ಲಿ ಸಿಕ್ಕಿತು. ಒಂದು ಸಂದೇಹ: ಅದಿರಿನ ಆಕ್ಸಿಜನ್ ಕೀಳಲು ಇಂಗಾಲದ ಬದಲು ಹೈಡ್ರೋಜನ್ ಬರುತ್ತಿದೆಯಲ್ಲ, ಆಗ ಈ ಇದ್ದಿಲಿನ ಗೋಜು ಯಾಕೆ? ರಿಯೊ ಟಿಂಟೊ ಕಂಪನಿಯವರು ಅದಿರಿನ ಪುಡಿಗೆ ಹಸಿ ಸಸ್ಯತ್ಯಾಜ್ಯ ಬೆರೆಸಿ ಮೈಕ್ರೋವೇವ್‌ನಲ್ಲಿ ಕಾಯಿಸುವ ವಿಧಾನದ ಮೇಲೂ ಕೆಲಸ ಮಾಡಿದ್ದಾರೆ. ಅಂಥದ್ದಕ್ಕೆ ನೇರ ಹಾರುವುದು ಒಳ್ಳೆಯದಲ್ಲವೇ?

ಟುಯರ್ ಪಕ್ಕದವನು · ಬುಧವಾರ ರಾತ್ರಿ

ಬರಲಿ, ನಿಮ್ಮ ಪೀಳಿಗೆ ಅದನ್ನು ಮಾಡಿ ತೋರಿಸಲಿ. ಆದರೆ ಒಂದು ಟನ್ ಕಬ್ಬಿಣಕ್ಕೆ 55 ಕೆ.ಜಿ. ಆಸುಪಾಸು ಹೈಡ್ರೋಜನ್ ಬೇಕು, ಒಂದು ಕೆ.ಜಿ. ಮಾಡಲು 50 ಯೂನಿಟ್‌ಗೂ ಮೇಲೆ ವಿದ್ಯುತ್ ಬೇಕು. ನೀವೇ ಗುಣಿಸಿ ನೋಡಿ. ಈಗಿರುವ ಫರ್ನೇಸ್‌ಗಳು ಒಮ್ಮೆ ಒಳಗೋಡೆ ಕಟ್ಟಿದರೆ ಹದಿನೈದು ಇಪ್ಪತ್ತು ವರ್ಷ ನಡೆಯುತ್ತವೆ. ಅಷ್ಟು ವರ್ಷ ಅವು ಉಗುಳುವುದನ್ನು ನೋಡುತ್ತ ಕೂರುವುದಕ್ಕಿಂತ ಕೈಗೆ ಸಿಗುವಷ್ಟನ್ನು ಬದಲಿಸೋಣ. ಹೈಡ್ರೋಜನ್ ಬಂದ ಮೇಲೂ ಎಲೆಕ್ಟ್ರಿಕ್ ಆರ್ಕ್ ಫರ್ನೇಸಿನಲ್ಲಿ ಸ್ಲ್ಯಾಗ್ (ಮೇಲೆ ತೇಲುವ ಕರಗಿದ ಕಿಟ್ಟ) ನೊರೆ ಬರಿಸಲು, ಉಕ್ಕಿಗೆ ಹದ ಕೊಡಲು ಇಂಗಾಲ ಬೇಕೇ ಬೇಕು. ಟನ್ನಿಗೆ ಹತ್ತಿಪ್ಪತ್ತು ಕೆ.ಜಿ. ಮಾತ್ರ. ಅಷ್ಟಕ್ಕೆ ಹೊಲದ ಕಡ್ಡಿ ಸಾಕು, ಯಾರ ಗೋಮಾಳವೂ ಬೇಡ.

ಕೇಂದ್ರದ ಉಕ್ಕು ಸಚಿವಾಲಯ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕಿಗೆ ಅಳತೆ ಗೊತ್ತುಮಾಡಿದೆ: ಟನ್ನಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಮೂರು ನಕ್ಷತ್ರದಿಂದ ಶುರು, 1.6ಕ್ಕಿಂತ ಕೆಳಗೆ ಬಂದರೆ ಐದು. ಯುರೋಪಿನವರು 2026ರ ಜನವರಿಯಿಂದ ಗಡಿಯಲ್ಲೇ ಇಂಗಾಲಕ್ಕೆ ಬೆಲೆ ಕಟ್ಟುತ್ತಾರೆ. ಆದ್ದರಿಂದ ಕಾರ್ಖಾನೆಯವರು ಇದ್ದಿಲು ಹುಡುಕಿಕೊಂಡು ಹಳ್ಳಿಗೆ ಬರುವ ದಿನ ದೂರವಿಲ್ಲ. ಬಂದಾಗ ಏನು ಕೇಳಬೇಕೆಂದು ನಮ್ಮವರಿಗೆ ಗೊತ್ತಿರಬೇಕು.

ಕಾಡಂಚು · ಗುರುವಾರ ಬೆಳಿಗ್ಗೆ

ಹೊಸ ತೋಪು ಬೇಡ, ಗೋಮಾಳ ಮುಟ್ಟಬೇಡ ಎಂದರೆ ನಾನೂ ಜೊತೆಗಿದ್ದೇನೆ. ಜಾಲಿಯ ಬಗ್ಗೆ ಒಂದು ಮಾತು. ಅದು ನಮ್ಮ ಗಿಡವಲ್ಲ, ಮೆಕ್ಸಿಕೊ, ದಕ್ಷಿಣ ಅಮೆರಿಕ ಕಡೆಯದು, 19ನೇ ಶತಮಾನದಲ್ಲಿ ತಂದು ಹಾಕಿದ್ದು. ಕಡಿದರೆ ಸಾಯುವುದಿಲ್ಲ, ಬುಡದಿಂದ ನಾಲ್ಕಾಗಿ ಏಳುತ್ತದೆ. ಕೆರೆಯಂಗಳ ಬಿಡಿಸಬೇಕೆಂದರೆ ಬೇರು ಸಮೇತ ಕೀಳಬೇಕು. ಇದ್ದಿಲಿನವರಿಗೆ ಮತ್ತೆ ಚಿಗುರುವುದೇ ಲಾಭ, ಕೆರೆಯವರಿಗೆ ಅದೇ ನಷ್ಟ. ಹಾಗಾಗಿ ಯಾವ ಜಾಗದಲ್ಲಿ ಬುಡ ಕೀಳಬೇಕು, ಎಲ್ಲಿ ಕಡಿದು ಬಿಡಬೇಕು ಎಂಬುದನ್ನು ಗ್ರಾಮಸಭೆ ಹೇಳಬೇಕು, ಗುತ್ತಿಗೆದಾರ ಅಲ್ಲ. ಇನ್ನೊಂದು, ಅದನ್ನೇ ನಂಬಿ ಒಲೆ ಉರಿಸುವ ಬಡವರಿಗೆ ಅವರ ಪಾಲು ಮೊದಲು.

ಭದ್ರೆಯ ಮೊಮ್ಮಗಳು · ಶನಿವಾರ ಸಂಜೆ

ಇವತ್ತು ಶಾಲೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಟುಯರ್ ಸರ್ ಫೋನಿನಲ್ಲಿ ಹೇಳಿಕೊಟ್ಟದ್ದು. ಕೋಕ್ ಗಟ್ಟಿಯಿದೆಯೇ ಎಂದು ನೋಡಲು ಅದನ್ನು ಆರು ಅಡಿ ಎತ್ತರದಿಂದ ಉಕ್ಕಿನ ತಗಡಿನ ಮೇಲೆ ನಾಲ್ಕು ಸಲ ಬೀಳಿಸಿ, ಜರಡಿ ಹಿಡಿಯುವ ಹಳೆಯ ಪರೀಕ್ಷೆ ಇದೆಯಂತೆ. ನಮ್ಮಲ್ಲಿ ಅಷ್ಟು ಸಾಮಾನು ಇಲ್ಲ. ಬಿಸಿಯೂಟದ ಕೋಣೆಯ ದಪ್ಪ ತಗಡು, ಗೋಡೆಗೆ ಸೀಮೆಸುಣ್ಣದಲ್ಲಿ ಆರು ಅಡಿಯ ಗೆರೆ, ಇಡ್ಲಿ ರವೆ ಜರಡಿ. ಸರ್ ಕಳಿಸಿದ ಎರಡು ಕೋಕ್ ತುಂಡು, ಜಾಲಿ ಭಟ್ಟಿಯವರು ಬಸ್ಸಿನಲ್ಲಿ ಕಳಿಸಿದ ಇದ್ದಿಲು, ಮಕ್ಕಳೇ ಡಬ್ಬಿಯಲ್ಲಿ ಮುಚ್ಚಿ ಸುಟ್ಟ ಹತ್ತಿ ಕಡ್ಡಿಯ ಇದ್ದಿಲು.

ಕೋಕ್ ಬಿದ್ದಾಗ ಬಿಂದಿಗೆ ಬಿದ್ದ ಹಾಗೆ ಠಣ್ ಎಂದಿತು, ನಾಲ್ಕು ಸಲಕ್ಕೂ ಒಂದು ಮೂಲೆ ಮಾತ್ರ ಚಕ್ಕೆ ಎದ್ದಿತು. ಜಾಲಿಯದು ಮೊದಲ ಸಲ ತಡೆಯಿತು, ಎರಡನೇ ಸಲಕ್ಕೆ ನಾರಿನ ಉದ್ದಕ್ಕೂ ಸೀಳಿತು. ಹತ್ತಿ ಕಡ್ಡಿಯದು ಮೊದಲ ಸಲಕ್ಕೇ ಪುಡಿ. ಆಮೇಲೆ ಅದೇ ಮೂರನ್ನೂ ಒರಳಿನಲ್ಲಿ ಕುಟ್ಟಿಸಿದೆ. ಹತ್ತಿ ಕಡ್ಡಿ ಇದ್ದಿಲು ಎರಡು ನಿಮಿಷಕ್ಕೆ ಕಾಡಿಗೆಯಾಯಿತು. ಕೋಕ್ ಕುಟ್ಟಿದ ಹುಡುಗನ ಅಂಗೈ ಕೆಂಪಾಯಿತೇ ಹೊರತು ಅದು ನುಣ್ಣಗಾಗಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿ ಕೈ ಕಪ್ಪು ಮಾಡಿಕೊಂಡು ಹೇಳಿದಳು: "ಹಂಗಾದ್ರೆ ಇದನ್ನ ಮೇಲಿಂದ ಹಾಕಬಾರದು ಮಿಸ್, ಪಕ್ಕದಿಂದ ಊದಬೇಕು." ಟುಯರ್ ಎಂಬ ಪದವನ್ನು ನಾನು ಬೋರ್ಡಿನ ಮೇಲೆ ಬರೆದದ್ದು ಅವಳು ಹಾಗೆ ಹೇಳಿದ ಮೇಲೆಯೇ.

ಟುಯರ್ ಪಕ್ಕದವನು · ಶನಿವಾರ ರಾತ್ರಿ

ಓದಿ ಕಣ್ಣು ತುಂಬಿತು ಮೇಡಂ. ಆ ಮಗುವಿಗೆ ನನ್ನ ಹಳೆಯ ಹೆಲ್ಮೆಟ್ ಕಳಿಸಿಕೊಡುತ್ತೇನೆ. ಮುಂದಿನ ಪರೀಕ್ಷೆ ಬೂದಿಯದು. ಒಂದೊಂದು ಇದ್ದಿಲನ್ನೂ ನೂರು ಗ್ರಾಂ ತೂಗಿ, ಪೂರ್ತಿ ಬೆಳ್ಳಗಾಗುವವರೆಗೆ ಸುಟ್ಟು, ಉಳಿದ ಬೂದಿ ತೂಗಿ. ಎಲೆ ಸಮೇತ ಸುಟ್ಟ ಹತ್ತಿ ಗಿಡ, ಎಲೆ ಉದುರಿಸಿದ ಕಡ್ಡಿ, ಮಳೆಯಲ್ಲಿ ನೆನೆದ ಕಡ್ಡಿ, ಮೂರನ್ನೂ ಬೇರೆ ಬೇರೆ ಮಾಡಿ. ರಾಯಚೂರಿನವರ ಪ್ರಶ್ನೆಗೆ ಅದರಿಂದ ಅರ್ಧ ಉತ್ತರ ಸಿಗುತ್ತದೆ.

ಜಾಲಿ ಭಟ್ಟಿ · ಭಾನುವಾರ ಬೆಳಿಗ್ಗೆ

ಸಾರ್, ಪೈಪಿನ ಭಟ್ಟಿ ಚಿತ್ರ ಕಳ್ಸಿ. ಎರಡು ಹಳೇ ಡ್ರಮ್ ಅದಾವೆ, ವೆಲ್ಡಿಂಗ್ ಮಾಡೋ ಹುಡ್ಗ ನಮ್ಮ ಅಳಿಯಾನೇ. ಮೊದ್ಲು ಸಣ್ಣದು ಮಾಡಿ ನೋಡ್ತೀನಿ.

ಹತ್ತಿ ಹೊಲ · ಭಾನುವಾರ ಬೆಳಿಗ್ಗೆ

ಅಕ್ಕಾರ, ಕಟಗಿ ಮೂರು ಥರದ್ದೂ ನಾ ಕಳಸ್ತೀನಿ. ಎಲಿ ಇದ್ದದ್ದು, ಉದುರ್ಸಿದ್ದು ಈಗ್ಲೇ ಕಟ್ಟಿ ಇಟ್ಟೀನಿ. ನೆಂದದ್ದಕ್ಕ ಮಳಿ ಇಲ್ಲ, ಬೋರಿನ ನೀರಾಗ ಎರಡು ದಿನ ನೆನಸಿ ಒಣಗಿಸ್ತೀನಿ. ನೆನಸಿದ ನೀರು ಬದನಿ ಗಿಡಕ್ಕ ಹಾಕ್ತೀನಿ, ಪೊಟ್ಯಾಶ್ ಹೊಲದಾಗ ಉಳೀಲಿ. ಮಂಗಳವಾರ ಸಿಂಧನೂರಿನಿಂದ ಬಳ್ಳಾರಿ ಬಸ್ಸಿಗೆ ಹಾಕ್ತೀನಿ, ನಿಮ್ಮ ಹುಡುಗರನ್ನ ಸ್ಟ್ಯಾಂಡಿಗೆ ಕಳಸ್ರಿ.